ಕೊನೆಗೆ ಬರುತ್ತಿದ್ದ ಒರೊಸ್ಕೊ

1979ರ ಏಪ್ರಿಲ್‌ನಲ್ಲಿ ಜೆಸ್ಸಿ ಒರೊಸ್ಕೊ ನ್ಯೂಯಾರ್ಕ್ ಮೆಟ್ಸ್ ಪರವಾಗಿ ಮೊದಲ ಚೆಂಡು ಎಸೆದಾಗ ಸಬ್‌ವೇ ಟೋಕನ್ನಿಗೆ 50 ಸೆಂಟು. 2003ರ ಸೆಪ್ಟೆಂಬರಿನಲ್ಲಿ ಅವನು ಕೊನೆಯ ಚೆಂಡು ಎಸೆಯುವ ಹೊತ್ತಿಗೆ ಟೋಕನ್ನೇ ಇರಲಿಲ್ಲ. ಆ ವರ್ಷವೇ ಆ ಬಿಲ್ಲೆಗಳನ್ನು ನಿಲ್ಲಿಸಿ ಎಲ್ಲರ ಕೈಗೂ ಹಳದಿ ಕಾರ್ಡು ಕೊಟ್ಟು, ಒಂದು ಸಲದ ಓಡಾಟಕ್ಕೆ 2 ಡಾಲರ್ ಮಾಡಿದ್ದರು. ಈ ನಡುವೆ ನಾನು ಮನೆ ಬದಲಾಯಿಸಿದೆ, ಮಕ್ಕಳನ್ನು ಓದಿಸಿದೆ, ತಲೆಗೂದಲು ಕಳೆದುಕೊಂಡೆ. ಅವನು ಮಾತ್ರ ಅದೇ ಕೆಲಸ ಮಾಡುತ್ತಲೇ ಇದ್ದ. ಒಟ್ಟು 1,252 ಪಂದ್ಯ. ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಅಷ್ಟು ಪಂದ್ಯಗಳಲ್ಲಿ ಚೆಂಡೆಸೆದವರು ಹಿಂದೆಯೂ ಯಾರೂ ಇರಲಿಲ್ಲ, ಇವತ್ತಿಗೂ ಇಲ್ಲ.

ಕ್ರಿಕೆಟ್ ನೋಡಿ ಬೆಳೆದ ನಿಮಗೆ ಮೊದಲೇ ಒಂದು ವಿಷಯ ಹೇಳಿಬಿಡಬೇಕು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಒಮ್ಮೆ ಮೈದಾನದಿಂದ ಹೊರಗೆ ಕರೆಸಿದರೆ ಅವನ ಕತೆ ಆ ದಿನಕ್ಕೆ ಮುಗಿಯಿತು. ಎರಡನೇ ಸ್ಪೆಲ್ಲು ಎಂಬುದಿಲ್ಲ. ಆರಂಭದ ಪಿಚರ್ ದಣಿದಾಗಲೋ ಒದೆ ತಿಂದಾಗಲೋ ಬರುವವನೇ ರಿಲೀಫ್ ಪಿಚರ್. ಅವನು ಮೈದಾನದ ಬೇಲಿಯಾಚೆ ಬುಲ್‌ಪೆನ್ ಎಂಬ ಕಟಕಟೆಯಲ್ಲಿ ಎರಡು ಗಂಟೆ ಕೂತಿರುತ್ತಾನೆ. ಫೋನು ಗುಂಯ್‌ಗುಟ್ಟಿದರೆ ಎದ್ದು ತೋಳು ಬಿಸಿ ಮಾಡಿಕೊಳ್ಳುತ್ತಾನೆ. ಕರೆ ಬಂದರೆ ಹೋಗುತ್ತಾನೆ, ಬರದಿದ್ದರೆ ಮತ್ತೆ ಕೂರುತ್ತಾನೆ. ಹಾಗೆ ಎದ್ದು, ಬೆವರಿ, ಮತ್ತೆ ಕೂತ ದಿನಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಒರೊಸ್ಕೊನ 1,252ರಲ್ಲಿ ಅವು ಇಲ್ಲ.

ನಾವು ಆಗ ಫ್ಲಶಿಂಗಿನಲ್ಲಿದ್ದೆವು. ಬೌನ್ ಸ್ಟ್ರೀಟಿನ ಗಣೇಶನ ಗುಡಿಗೆ 1977ರ ಜುಲೈ 4ರಂದು ಕುಂಭಾಭಿಷೇಕ ಆಗಿತ್ತು. ಅದರ ಹತ್ತಿರವೇ ಮನೆ ಸಿಕ್ಕಿದ್ದು ಮನೆಯವಳಿಗೆ ದೊಡ್ಡ ಸಮಾಧಾನ. ಊರಿಂದ ತಂದದ್ದು ಒಂದು ತಗಡಿನ ಟ್ರಂಕು, ಒಂದು ಬಿಸ್ತರ, ಅವಳ ಈಳಿಗೆ ಮಣೆ, ಎರಡು ಕೌದಿ. ಮ್ಯಾನ್‌ಹ್ಯಾಟನ್ನಿನಿಂದ ಸಂಜೆ 7ನೇ ನಂಬರ್ ರೈಲಿನಲ್ಲಿ ಬರುವಾಗ ನಮ್ಮ ಕೊನೆಯ ಸ್ಟೇಷನ್ನಿಗೆ ಒಂದು ಸ್ಟಾಪು ಮುಂಚೆ ಶೇ ಸ್ಟೇಡಿಯಂ ಬರುತ್ತಿತ್ತು. ಬಾಗಿಲು ತೆರೆದರೆ ಕೊಲ್ಲಿಯ ಕೆಸರಿನ ವಾಸನೆ, ಲಾಗ್ವಾರ್ಡಿಯಾ ವಿಮಾನಗಳ ಸೀಮೆಎಣ್ಣೆ ವಾಸನೆ, ಅದರ ಮೇಲೆ ಸಾಸಿವೆ ಗೊಜ್ಜಿನ ಘಾಟು. 1979ರಲ್ಲಿ ಆ ಸ್ಟಾಪಿನಲ್ಲಿ ಇಳಿಯುವವರೇ ಇರಲಿಲ್ಲ. ಮೆಟ್ಸ್ ಆ ವರ್ಷ 99 ಪಂದ್ಯ ಸೋತಿತ್ತು. ಇಡೀ ವರ್ಷದಲ್ಲಿ ಟಿಕೆಟ್ ಕೊಂಡವರು ಎಂಟು ಲಕ್ಷ ಮುಟ್ಟಲಿಲ್ಲ.

ನಮ್ಮ ಮನೆಯಲ್ಲಿ ಮೊಸರಿನ ದೆಸೆಯಿಂದ ಹಾಲು ಧಾರಾಳವಾಗಿ ಖರ್ಚಾಗುತ್ತಿತ್ತು. ಹಾಲಿನ ಡಬ್ಬದ ಪಕ್ಕದಲ್ಲಿ ಒಂದು ಕೂಪನ್ನು ಅಚ್ಚಾಗಿರುತ್ತಿತ್ತು. ಅಂಥವನ್ನು ಕತ್ತರಿಸಿ ಕೂಡಿಟ್ಟರೆ ಮೆಟ್ಸ್ ಪಂದ್ಯಕ್ಕೆ ಟಿಕೆಟ್ ಕೊಡುತ್ತಿದ್ದರು. ಮನೆಯವಳು ಅವನ್ನು ಸಾಸಿವೆ ಡಬ್ಬಿಯ ಕೆಳಗೆ ಒತ್ತಿಡುತ್ತಿದ್ದಳು. ನಾನು ಬೇಸ್‌ಬಾಲ್ ಮೋಹಕ್ಕೆ ಬಿದ್ದದ್ದು ಹೀಗೆ, ಮೊಸರನ್ನದ ದಾರಿಯಿಂದ. ಮೇಲಿನ ಅಂತಸ್ತಿನ ಕೊನೇ ಸಾಲಲ್ಲಿ ಟೈ ಕಟ್ಟಿಕೊಂಡು ಕೂತು, ಯಾರಾದರೂ ಚೆಂಡು ಹಿಡಿದರೆ ಯಾವ ತಂಡದವನೆಂದೂ ನೋಡದೆ ಚಪ್ಪಾಳೆ ಹೊಡೆಯುತ್ತಿದ್ದೆ. ಪಕ್ಕದವರು ಒಂದು ಥರಾ ನೋಡುತ್ತಿದ್ದರು.

ಬುಲ್‌ಪೆನ್ನಿನಲ್ಲಿ ಆಗ ಟೊಮೇಟೊ ಗಿಡಗಳಿದ್ದವು. ಜೋ ಪಿಗ್ನಟಾನೊ ಎಂಬ ಕೋಚು ಅಲ್ಲೇ ಬೇಲಿ ಪಕ್ಕ ಮಡಿ ಮಾಡಿ ಬೆಳೆಸುತ್ತಿದ್ದ. ನಮ್ಮ ಹಿತ್ತಿಲು ನೆನಪಾಗಿ ನಾನು ಆಟ ಬಿಟ್ಟು ಆ ಗಿಡಗಳನ್ನೇ ನೋಡುತ್ತಿದ್ದುದುಂಟು. ಪಿಗ್ನಟಾನೊ 1981ರವರೆಗೆ ಅಲ್ಲಿದ್ದ. ಈಗಿನ ಸ್ಟೇಡಿಯಮ್ಮುಗಳಲ್ಲಿ ಬುಲ್‌ಪೆನ್ನಿನ ನೆಲವನ್ನೂ ಗುಡಿಸಿ ಒರೆಸಿ ಇಟ್ಟಿರುತ್ತಾರೆ, ಟೊಮೇಟೊ ಯಾರು ಹಾಕುತ್ತಾರೆ?

ಒರೊಸ್ಕೊ ಹುಟ್ಟಿದ್ದು 1957ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ. ಎಡಗೈಯವನು. 1978ರಲ್ಲಿ ಮಿನೆಸೋಟ ಟ್ವಿನ್ಸ್ ಅವನನ್ನು ಆರಿಸಿಕೊಂಡಿತ್ತು, ಮರುವರ್ಷವೇ ಮೆಟ್ಸ್‌ಗೆ ಕೊಟ್ಟುಬಿಟ್ಟಿತು. ಬದಲಿಗೆ ಅವರಿಗೆ ಸಿಕ್ಕವನು ಜೆರ್ರಿ ಕೂಸ್ಮನ್. 1969ರಲ್ಲಿ ಮೆಟ್ಸ್ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಾಗ ಕೊನೆಯ ಚೆಂಡು ಎಸೆದವನು ಅವನೇ. ಅಂಥವನನ್ನು ಕಳಿಸಿ ಹೆಸರೇ ಕೇಳಿರದ ಒಬ್ಬ ಹುಡುಗನನ್ನು ತಂದರೆಂದು ನಮ್ಮ ಆಫೀಸಿನಲ್ಲಿ ಒಂದು ವಾರ ಬೈಗುಳವೋ ಬೈಗುಳ. ಏಪ್ರಿಲ್ 5ರಂದು ಷಿಕಾಗೋದಲ್ಲಿ ಆ ಹುಡುಗ ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸಿನಲ್ಲಿ ಬಂದು ಒಬ್ಬನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ಔಟಾದವನು ಬಿಲ್ ಬಕ್ನರ್. ಈ ಹೆಸರು ಮುಂದೆ ಬರುತ್ತದೆ.

ಮೈಸೂರಿನಲ್ಲಿದ್ದ ಅಣ್ಣನಿಗೆ, ಅಂದರೆ ನಮ್ಮ ತಂದೆಗೆ, ನಾನು 22 ಸೆಂಟಿನ ಏರೋಗ್ರಾಂನಲ್ಲಿ ಈ ಆಟವನ್ನು ವಿವರಿಸಲು ಹೊರಟೆ. ಮೂರು ಮಡಿಕೆಯಲ್ಲಿ ಸಣ್ಣಕ್ಷರದಲ್ಲಿ ಬರೆದೂ ಜಾಗ ಸಾಲಲಿಲ್ಲ. ಅಣ್ಣ ಸ್ಪಿನ್ ಬೌಲರುಗಳಾದ ಪ್ರಸನ್ನ, ಚಂದ್ರಶೇಖರ್ ಅವರನ್ನು ಇಡೀ ದಿನ ಬಿಸಿಲಲ್ಲಿ ಕೂತು ನೋಡಿದವರು. ಉತ್ತರ ಬಂತು: ದಿನವೆಲ್ಲಾ ಜಗಲಿಯ ಮೇಲೆ ಕೂತು ಸಂಜೆ ಒಂದು ಓವರ್ ಹಾಕಿ ಸಂಬಳ ಎಣಿಸುವ ಕೆಲಸಕ್ಕೆ ಅರ್ಜಿ ಎಲ್ಲಿ ಹಾಕಬೇಕು, ವಿಚಾರಿಸಿ ತಿಳಿಸು. ಕೆಳಗೆ ಎಂದಿನಂತೆ ಅಕ್ಕಿಯ ರೇಟು, ಹಸುವಿನ ಯೋಗಕ್ಷೇಮ.

ಆ ಕಾಲದಲ್ಲಿ 25 ಸೆಂಟಿಗೆ ಮೇಣದ ಕಾಗದದ ಒಂದು ಪೊಟ್ಟಣ ಸಿಗುತ್ತಿತ್ತು. ಒಳಗೆ ಆಟಗಾರರ ಚಿತ್ರದ ಕಾರ್ಡುಗಳು, ಜೊತೆಗೆ ಒಂದು ಗುಲಾಬಿ ಬಣ್ಣದ ಚೂಯಿಂಗ್ ಗಮ್ಮಿನ ಹಲಗೆ. ಗಮ್ಮು ಹಲ್ಲಿಗೆ ಹಂಚಿನಷ್ಟು ಗಟ್ಟಿ, ಆದರೆ ಅದರ ಸಿಹಿವಾಸನೆ ಕಾರ್ಡಿಗೂ ಹತ್ತಿ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ. 1980ರ ಟಾಪ್ಸ್ ಕಾರ್ಡುಗಳಲ್ಲಿ 681ನೇ ನಂಬರಿನದರಲ್ಲಿ ಮೆಟ್ಸ್‌ನ ಮೂವರು ಹೊಸಬರಿದ್ದರು: ಡ್ಯಾನ್ ನಾರ್ಮನ್, ಜೆಸ್ಸಿ ಒರೊಸ್ಕೊ, ಮೈಕ್ ಸ್ಕಾಟ್. ನಾನು ಅದನ್ನು ಪಂಚಾಂಗದ ಮಧ್ಯೆ ಇಟ್ಟಿದ್ದೆ. ಮನೆಯವಳು ಏಕಾದಶಿ ನೋಡಲು ಪುಟ ತಿರುವಿದಾಗೆಲ್ಲ ಈ ಮೂವರು ಕೆಳಗೆ ಬೀಳುತ್ತಿದ್ದರು.

1983ರಿಂದ ಅವನ ನಿಜವಾದ ಕಾಲ ಶುರುವಾಯಿತು. ಆಗಿನ ರಿಲೀಫ್ ಪಿಚರುಗಳಿಗೆ ಕೆಲಸ ಜಾಸ್ತಿ. ಏಳನೇ ಇನಿಂಗ್ಸಿಗೆ ಕರೆದರೆ ಕೊನೆತನಕ ಎಳೆಯಬೇಕು. ಆ ವರ್ಷ ಅವನು 62 ಪಂದ್ಯಗಳಲ್ಲಿ 110 ಇನಿಂಗ್ಸ್ ಎಸೆದ. 13 ಗೆಲುವು, 17 ಸೇವ್ (ಮುನ್ನಡೆ ಕಾಪಾಡಿ ಮುಗಿಸಿಕೊಟ್ಟ ಪಂದ್ಯ), ಒಂಬತ್ತು ಇನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟದ್ದು 1.47 ರನ್ನು. ಜುಲೈ 31ರ ಭಾನುವಾರ ಪಿಟ್ಸ್‌ಬರ್ಗ್ ಎದುರು ಒಂದೇ ದಿನ ಎರಡು ಪಂದ್ಯ. ಎರಡೂ 12 ಇನಿಂಗ್ಸಿಗೆ ಹೋದವು, ಎರಡರ ಗೆಲುವೂ ಒರೊಸ್ಕೊನ ಖಾತೆಗೆ ಬಿತ್ತು. ಎರಡನೇ ಪಂದ್ಯದಲ್ಲಿ ಮೈಕ್ ಟೊರೆಸ್ ಒಂದೂ ರನ್ ಕೊಡದೆ 11 ಇನಿಂಗ್ಸ್ ಎಸೆದಿದ್ದ. ಇವನು ಕೊನೆಗೆ ಬಂದು ಒಂದು ಇನಿಂಗ್ಸ್ ಎಸೆದು ಗೆಲುವನ್ನು ಜೇಬಿಗೆ ಹಾಕಿಕೊಂಡ. ಪಾಪ ಟೊರೆಸ್! ತಂಡಕ್ಕೆ ಗೆಲ್ಲುವ ಮುನ್ನಡೆ ಸಿಕ್ಕಾಗ ಎಸೆಯುತ್ತಿದ್ದವನಿಗೇ ಗೆಲುವು ಎಂಬ ನಿಯಮ ಅವತ್ತೂ ಅನ್ಯಾಯ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಅವನ ಅಸ್ತ್ರ ಸ್ಲೈಡರ್. ವೇಗದ ಚೆಂಡಿನ ಹಾಗೇ ಹೊರಟು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಜಾರಿಬಿಡುವುದು. ಎಡಗೈ ಬ್ಯಾಟರಿಗೆ ಅದು ಅವನ ಬೆನ್ನಿನ ಕಡೆಯಿಂದ ಹುಟ್ಟಿ, ಬ್ಯಾಟಿನಿಂದ ದೂರಕ್ಕೆ ಓಡುತ್ತದೆ. ಎಷ್ಟೋ ಜನ ನೆಲಕ್ಕೆ ಬೀಳುವ ಚೆಂಡಿಗೆ ಬ್ಯಾಟು ಬೀಸಿ ಮೊಣಕಾಲೂರುತ್ತಿದ್ದರು. ನನ್ನ ಸೀಟಿನಿಂದ ಅದೇನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು 47 ಎಂದು ಬರೆದ ಬೆನ್ನು ಮಾತ್ರ. ಉಳಿದದ್ದನ್ನು ಕಿವಿಗೆ ಹಿಡಿದ ಟ್ರಾನ್ಸಿಸ್ಟರಿನಲ್ಲಿ ಬಾಬ್ ಮರ್ಫಿ ಹೇಳುತ್ತಿದ್ದರು. 1962ರಿಂದ ಮೆಟ್ಸ್ ಆಟ ಹೇಳುತ್ತಿದ್ದ ಅವರೂ ನಿಲ್ಲಿಸಿದ್ದು 2003ರಲ್ಲೇ.

1986ರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಸಹಿಸಿಕೊಳ್ಳಿ. ಟೋಕನ್ನು 1 ಡಾಲರಿಗೆ ಏರಿತ್ತು, ಮೆಟ್ಸ್ 108 ಪಂದ್ಯ ಗೆದ್ದಿತ್ತು. ಜುಲೈ 22ರ ರಾತ್ರಿ ಸಿನ್ಸಿನಾಟಿಯಲ್ಲಿ ಹತ್ತನೇ ಇನಿಂಗ್ಸಿನಲ್ಲಿ ಮಾರಾಮಾರಿ ನಡೆದು ಆಟಗಾರರನ್ನು ಹೊರಗೆ ಕಳಿಸಿದರು. ಮೆಟ್ಸ್ ಹತ್ತಿರ ಜನವೇ ಉಳಿಯಲಿಲ್ಲ. ಮ್ಯಾನೇಜರ್ ಡೇವಿ ಜಾನ್ಸನ್ ಎಡಗೈ ಒರೊಸ್ಕೊನನ್ನೂ ಬಲಗೈ ರೋಜರ್ ಮ್ಯಾಕ್‌ಡವಲ್‌ನನ್ನೂ ಪಾಳಿ ಮೇಲೆ ನಿಲ್ಲಿಸಿದ. ಒಬ್ಬ ಚೆಂಡೆಸೆಯುವಾಗ ಇನ್ನೊಬ್ಬ ದೂರದ ಮೈದಾನದಲ್ಲಿ ಫೀಲ್ಡಿಂಗು. ಇಬ್ಬರೂ ಮೈದಾನ ಬಿಡದ್ದರಿಂದ ಬ್ಯಾಟರ್ ಎಡವೋ ಬಲವೋ ನೋಡಿ ಅದಲುಬದಲು. 14 ಇನಿಂಗ್ಸಿನಲ್ಲಿ ಗೆದ್ದರು. ನಾನು ಬೆಳಿಗ್ಗೆ ಆಫೀಸಿನಲ್ಲಿ ತೂಕಡಿಸಿದೆ.

ಅಕ್ಟೋಬರ್ 15ರ ಬುಧವಾರ ಮನೆಯವಳು ದಸರಾ ಗೊಂಬೆಗಳನ್ನು ಎತ್ತಿಡುತ್ತಿದ್ದಳು. ಪಟ್ಟದ ಗೊಂಬೆಗಳಿಗೆ ಹಳೇ ಸೀರೆಯ ತುಂಡು ಸುತ್ತಿ ಟ್ರಂಕಿಗೆ ಇಳಿಸುವುದು, ನಡುವೆ ಟೀವಿ ಕಡೆ ಒಂದು ನೋಟ. ವರ್ಲ್ಡ್ ಸೀರೀಸಿಗೆ ಹೋಗಲು ಗೆಲ್ಲಬೇಕಾದ ಸರಣಿಯ ಆರನೇ ಪಂದ್ಯ, ಹ್ಯೂಸ್ಟನ್ನಿನಲ್ಲಿ. ಅದು ಸೋತರೆ ಮರುದಿನ ಮೈಕ್ ಸ್ಕಾಟ್‌ನನ್ನು ಎದುರಿಸಬೇಕು. ಹೌದು, ಪಂಚಾಂಗದಿಂದ ಬೀಳುತ್ತಿದ್ದ ಅದೇ ಸ್ಕಾಟ್. ಮೆಟ್ಸ್ ಬಿಟ್ಟುಕೊಟ್ಟ ಮೇಲೆ ಹ್ಯೂಸ್ಟನ್ ಸೇರಿ ಯಮನಾಗಿದ್ದ. 14ನೇ ಇನಿಂಗ್ಸಿನಲ್ಲಿ ಒಂದು ರನ್ನಿನ ಮುನ್ನಡೆ ಕೊಟ್ಟು ಒರೊಸ್ಕೊನನ್ನು ಕರೆದರು. ಬಿಲ್ಲಿ ಹ್ಯಾಚರ್ ಹೋಂ ರನ್ ಹೊಡೆದು ಸಮ ಮಾಡಿದ. 16ನೆಯದರಲ್ಲಿ ಮೆಟ್ಸ್‌ಗೆ ಮೂರು ರನ್ನು ಸಿಕ್ಕಿತು. ಒರೊಸ್ಕೊ ಅದರಲ್ಲಿ ಎರಡನ್ನು ವಾಪಸು ಕೊಟ್ಟ. ಇನ್ನೂ ಇಬ್ಬರು ಬೇಸಿನ ಮೇಲಿದ್ದರು. ಅವನ ತೋಳಿನಲ್ಲಿ ವೇಗ ಉಳಿದಿರಲಿಲ್ಲ ಎಂದು ನನಗೂ ಗೊತ್ತಾಗುತ್ತಿತ್ತು. ಸ್ಲೈಡರ್ ಮೇಲೆ ಸ್ಲೈಡರ್ ಹಾಕಿ ಕೆವಿನ್ ಬ್ಯಾಸ್‌ನನ್ನು ಔಟ್ ಮಾಡಿದ. 7-6. ಆ ಸರಣಿಯಲ್ಲಿ ಅದು ಅವನ ಮೂರನೇ ಗೆಲುವು. ಒಂದೇ ಸರಣಿಯಲ್ಲಿ ಯಾವ ರಿಲೀಫ್ ಪಿಚರೂ ಅಲ್ಲಿಯವರೆಗೆ ಮೂರು ಗೆದ್ದಿರಲಿಲ್ಲ. ನೋಡಿದರೆ ಮಂತ್ರಿಯ ಗೊಂಬೆ ಇನ್ನೂ ನನ್ನ ಕೈಯಲ್ಲೇ ಇತ್ತು, ಅದರ ಪೇಟದ ಬಣ್ಣ ಬೆವರಿಗೆ ಅಂಗೈಗೆ ಹತ್ತಿತ್ತು.

ವರ್ಲ್ಡ್ ಸೀರೀಸಿನಲ್ಲಿ ಎದುರಾಳಿ ಬಾಸ್ಟನ್. ಆರನೇ ಪಂದ್ಯದ ಹತ್ತನೇ ಇನಿಂಗ್ಸಿನಲ್ಲಿ, ಈಗ ಬಾಸ್ಟನ್ನಿಗೆ ಆಡುತ್ತಿದ್ದ ಬಿಲ್ ಬಕ್ನರ್‌ನ ಕಾಲ ಸಂದಿಯಲ್ಲಿ ಚೆಂಡು ಹೋಗಿ ಮೆಟ್ಸ್ ಗೆದ್ದದ್ದು ಜಗತ್ತಿಗೇ ಗೊತ್ತು. ಅದೇ ಪಂದ್ಯದ ಎಂಟನೇ ಇನಿಂಗ್ಸಿನಲ್ಲಿ ಮೂರು ಬೇಸೂ ತುಂಬಿದ್ದಾಗ ಬಕ್ನರ್ ಬ್ಯಾಟಿಗೆ ಬಂದದ್ದು, ಒರೊಸ್ಕೊ ಒಂದೇ ಚೆಂಡಿನಲ್ಲಿ ಅವನಿಂದ ಕ್ಯಾಚು ಕೊಡಿಸಿದ್ದು ಯಾರಿಗೂ ನೆನಪಿಲ್ಲ. ಆಗ ಅಲ್ಲೊಂದು ಹೊಡೆತ ಬಿದ್ದಿದ್ದರೆ ಹತ್ತನೇ ಇನಿಂಗ್ಸೇ ಇರುತ್ತಿರಲಿಲ್ಲ, ಬಕ್ನರ್ ಮುಂದಿನ ಮೂವತ್ತು ವರ್ಷ ನೆಮ್ಮದಿಯಾಗಿರುತ್ತಿದ್ದ.

ಏಳನೇ ಪಂದ್ಯ ಭಾನುವಾರದ ಮಳೆಯಿಂದ ಸೋಮವಾರಕ್ಕೆ, ಅಕ್ಟೋಬರ್ 27ಕ್ಕೆ ಹೋಯಿತು. ಎಂಟನೇ ಇನಿಂಗ್ಸಿನಲ್ಲಿ ಒರೊಸ್ಕೊನೇ ಬ್ಯಾಟು ಹಿಡಿದು ಬಂದ. ಬಂಟ್ ಮಾಡುವವನಂತೆ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟುವವನಂತೆ, ಬ್ಯಾಟು ಅಡ್ಡ ಹಿಡಿದ. ಫೀಲ್ಡರುಗಳು ಓಡಿ ಮುಂದೆ ಬಂದರು. ತಕ್ಷಣ ಹಿಂದಕ್ಕೆಳೆದು ಚೆಂಡನ್ನು ಅವರ ಮಧ್ಯದಿಂದ ತಳ್ಳಿ ಒಂದು ರನ್ನು ತಂದ. 8-5. ಈಗ ಈ ದೃಶ್ಯವನ್ನು ನೀವು ನೋಡುವ ಹಾಗೇ ಇಲ್ಲ. 2022ರಿಂದ ಎರಡೂ ಲೀಗಿನಲ್ಲಿ ಪಿಚರುಗಳ ಬದಲು ಬೇರೆಯವರು ಬ್ಯಾಟ್ ಮಾಡುತ್ತಾರೆ. ಒಂಬತ್ತನೆಯದರಲ್ಲಿ ಮಾರ್ಟಿ ಬ್ಯಾರೆಟ್ ಬೀಸಿ ತಪ್ಪಿದ. ಒರೊಸ್ಕೊ ಗ್ಲೌಸನ್ನು ಆಕಾಶಕ್ಕೆ ಎಸೆದು ಮೊಣಕಾಲ ಮೇಲೆ ಕುಸಿದ. ಆ ಫೋಟೊ ಎಲ್ಲೆಡೆ ಅಚ್ಚಾಯಿತು. ನಮ್ಮ ಕಿಟಕಿ ತೆರೆದಿತ್ತು. ಟೀವಿಯ ಕೂಗಿನ ಹಿಂದೆಯೇ ಸ್ಟೇಡಿಯಂ ಕಡೆಯಿಂದ ನಿಜವಾದ ಕೂಗೂ ಬಂತು, ಆಮೇಲೆ ಕಾರುಗಳ ಹಾರನ್ನು. ಕೂಸ್ಮನ್ ಬದಲಿಗೆ ಬಂದವನು ಕೂಸ್ಮನ್ ಮಾಡಿದ್ದನ್ನೇ ಮಾಡಿದ್ದ.

ಮರುವರ್ಷವೇ ಅದೇ ಜನ ಅವನನ್ನು ಕೂಗಿ ಅಟ್ಟಿದರು. ಅವನು ಸರಿಯಾಗಿ ಎಸೆಯುತ್ತಿರಲಿಲ್ಲ ಎಂಬುದೂ ನಿಜ. 1987ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ಡಾಜರ್ಸ್‌ಗೆ ಕಳಿಸಿದರು. ಅಲ್ಲಿ ತರಬೇತಿಯ ದಿನಗಳಲ್ಲಿ ಹೊಸದಾಗಿ ಬಂದಿದ್ದ ಕರ್ಕ್ ಗಿಬ್ಸನ್‌ನ ಟೋಪಿಯ ಒಳಗೆ ಕಾಡಿಗೆಯಂಥ ಕಪ್ಪು ಬಳಿದಿಟ್ಟ. ಗಿಬ್ಸನ್ ಹಣೆಯೆಲ್ಲ ಕಪ್ಪಾಗಿ, ಇಲ್ಲಿ ಆಟ ಆಡಲು ಬಂದಿದ್ದೀರೋ ಕೋಡಂಗಿ ವೇಷಕ್ಕೋ ಎಂದು ಸಿಟ್ಟಾಗಿ ಹೊರಟೇಹೋದ. ತಂಡ ಅದರಿಂದ ಬಿಗಿಯಾಯಿತೆಂದು ಹೇಳುವವರಿದ್ದಾರೆ. 1988ರಲ್ಲಿ ಅವರು ವರ್ಲ್ಡ್ ಸೀರೀಸ್ ಗೆದ್ದರು.

ಆಮೇಲೆ ಕ್ಲೀವ್‌ಲ್ಯಾಂಡ್, ಮಿಲ್ವಾಕಿ, ಬಾಲ್ಟಿಮೋರ್. ಪತ್ರಿಕೆಯ ಹಿಂಬದಿಯ ಇರುವೆ ಸಾಲಿನಂಥ ಅಂಕಿಗಳಲ್ಲಿ ಆಗಾಗ ಅವನ ಹೆಸರು ಕಾಣುತ್ತಿತ್ತು. ಇನ್ನೂ ಇದಾನಾ ಎಂದು ಮಗ ಕೇಳುತ್ತಿದ್ದ.

ಇದ್ದ. ಆದರೆ ಕೆಲಸ ಕುಗ್ಗುತ್ತಾ ಬಂದಿತ್ತು. ಮ್ಯಾನೇಜರುಗಳು ಲೆಕ್ಕಾಚಾರಕ್ಕಿಳಿದಿದ್ದರು: ಎಡಗೈ ಬ್ಯಾಟರಿಗೆ ಎಡಗೈ ಪಿಚರು, ಅವನೊಬ್ಬನನ್ನು ಔಟ್ ಮಾಡಿದ ಕೂಡಲೇ ಹೊರಗೆ. ಮದುವೆ ಮನೆಗೆ ಒಗ್ಗರಣೆ ಹಾಕಲು ಮಾತ್ರ ಕರೆಸಿದ ಅಡಿಗೆಯವನ ಹಾಗೆ ಅವನು ಬಂದು ಚೊಯ್ಯೆನ್ನಿಸಿ ಹೋಗುತ್ತಿದ್ದ. 1983ರಲ್ಲಿ 62 ಪಂದ್ಯಕ್ಕೆ 110 ಇನಿಂಗ್ಸ್ ಎಸೆದವನು 1999ರಲ್ಲಿ 65 ಪಂದ್ಯಕ್ಕೆ ಎಸೆದದ್ದು 32. ಪಂದ್ಯ ಮುಗಿಸುತ್ತಿದ್ದವನಿಗೆ ಇದು ಹಿಂಬಡ್ತಿಯೇ. ಬೇರೆಯವರಾಗಿದ್ದರೆ ಮುನಿಸಿಕೊಂಡು ಮನೆ ಸೇರುತ್ತಿದ್ದರು. ಇವನು ಕೊಟ್ಟ ಕೆಲಸ ಮಾಡಿದ. ಅವನ ಬಾಳಿಕೆಗೆ ತೋಳಿನ ಕಸುವು ಒಂದು ಕಾರಣವಾದರೆ ಈ ನಿಗರ್ವ ಇನ್ನೊಂದು. ಎರಡನೆಯದೇ ದೊಡ್ಡದೆಂದು ನನ್ನ ಎಣಿಕೆ.

ಬಾಲ್ಟಿಮೋರಿನಲ್ಲಿ ಅವನ ಜೊತೆಗಾರ ಕ್ಯಾಲ್ ರಿಪ್‌ಕೆನ್. 1995ರ ಸೆಪ್ಟೆಂಬರ್ 6ರಂದು ರಿಪ್‌ಕೆನ್ ಸತತ 2,131ನೇ ಪಂದ್ಯ ಆಡಿ ದಾಖಲೆ ಮುರಿದಾಗ ಅಧ್ಯಕ್ಷ ಕ್ಲಿಂಟನ್ನರೇ ಬಂದಿದ್ದರು, ಜನ ಇಪ್ಪತ್ತು ನಿಮಿಷಕ್ಕೂ ಮೇಲೆ ಚಪ್ಪಾಳೆ ತಟ್ಟಿದರು. 1999ರ ಆಗಸ್ಟ್ 17ರಂದು ಒರೊಸ್ಕೊ 1,072ನೇ ಸಲ ಚೆಂಡೆಸೆಯಲು ಬಂದು ಡೆನಿಸ್ ಎಕರ್ಸ್‌ಲಿಯ ದಾಖಲೆ ದಾಟಿದ. ಆ ಸುದ್ದಿಯನ್ನು ನಾನು ಪತ್ರಿಕೆಯ ಒಳಪುಟದಲ್ಲಿ ಓದಿದೆ.

43ನೇ ವಯಸ್ಸಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮೊಣಕೈ ಕೈಕೊಟ್ಟಿತು, ಆ ವರ್ಷ ಆರೇ ಪಂದ್ಯ. ಮುಗಿಯಿತು ಅಂದುಕೊಂಡೆವು. ಮತ್ತೆ ಎರಡು ವರ್ಷ ಡಾಜರ್ಸ್‌ಗೆ ಆಡಿದ. 2003ರಲ್ಲಿ ಸ್ಯಾನ್ ಡಿಯಾಗೊ, ಯಾಂಕೀಸ್, ಕೊನೆಗೆ ಮಿನೆಸೋಟ ಟ್ವಿನ್ಸ್. 25 ವರ್ಷದ ಹಿಂದೆ ಅವನನ್ನು ಮೊದಲು ಆರಿಸಿ ಬಿಟ್ಟುಕೊಟ್ಟಿದ್ದ ತಂಡ ಅದು. ಆಗ ಅವನಿಗೆ 46. ಅಷ್ಟು ಹೊತ್ತಿಗೆ ಮಗ ಕೆಲಸಕ್ಕೆ ಸೇರಿ, ಫೋನಿನಲ್ಲಿ ನನಗೇ ಸ್ಕೋರು ಹೇಳುತ್ತಿದ್ದ.

ಶೇ ಸ್ಟೇಡಿಯಂ 2008ರಲ್ಲಿ ಕೊನೆಯ ಪಂದ್ಯ ಕಂಡಿತು. ಪಕ್ಕದಲ್ಲೇ ಹೊಸದು ಕಟ್ಟಿ ಹಳೆಯದನ್ನು ಕಾರು ನಿಲ್ಲಿಸುವ ಜಾಗ ಮಾಡಿದರು. ಪಿಚರ್ ನಿಲ್ಲುತ್ತಿದ್ದ ಜಾಗಕ್ಕೆ ಅಲ್ಲಿ ನೆಲದಲ್ಲೊಂದು ಗುರುತು ಕೂರಿಸಿದ್ದಾರೆ. ಮೊಮ್ಮಗನನ್ನು ಕರೆದುಕೊಂಡು ಹೋದಾಗ ಅದರ ಮೇಲೆ ಯಾರದೋ ವ್ಯಾನು ನಿಂತಿತ್ತು. ಅದು ಸರಿಯೇ, ಕಾರು ನಿಲ್ಲಿಸಲೆಂದೇ ಇರುವ ಜಾಗ.

2020ರಲ್ಲಿ ಒರೊಸ್ಕೊ ಮಾಡುತ್ತಿದ್ದ ಕೆಲಸವನ್ನೇ ತೆಗೆದುಹಾಕಿದರು. ಈಗ ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರುಗಳಿಗೆ ಎಸೆಯಬೇಕು, ಇಲ್ಲವೇ ಇನಿಂಗ್ಸಿನ ಅರ್ಧ ಮುಗಿಸಬೇಕು. ಒಬ್ಬನಿಗಾಗಿ ಬಂದು ಹೋಗುವ ಹಾಗಿಲ್ಲ. ಗಳಿಗೆಗೊಮ್ಮೆ ಪಿಚರ್ ಬದಲಾಯಿಸಿ ಆಟ ಎಳೆಯುತ್ತಿದ್ದುದು ನಿಂತಿತು, ಒಳ್ಳೆಯದೇ ಆಯಿತು. ದಾಖಲೆಯ ಪಟ್ಟಿಯಲ್ಲಿ ಒರೊಸ್ಕೊನ ಹಿಂದಿರುವವರಲ್ಲಿ ಮೈಕ್ ಸ್ಟ್ಯಾಂಟನ್ 1,178ಕ್ಕೆ ನಿಂತ, 652 ಸೇವ್‌ಗಳ ಮಹಾಶಯ ಮರಿಯಾನೊ ರಿವೆರಾ 1,115ಕ್ಕೆ. ಇಬ್ಬರೂ ಆಟ ಬಿಟ್ಟಾಗಿದೆ. ಈ ನಿಯಮ ಇರುವ ತನಕ 1,252ರ ಹತ್ತಿರ ಯಾರೂ ಸುಳಿಯಲಾರರು.

2009ರಲ್ಲಿ ಹಾಲ್ ಆಫ್ ಫೇಮಿನ ಮತಪತ್ರದಲ್ಲಿ ಅವನ ಹೆಸರಿತ್ತು. ಮತ ಹಾಕಿದ ಬರಹಗಾರರು 539 ಮಂದಿ, ಗೆಲ್ಲಲು ನೂರಕ್ಕೆ ಎಪ್ಪತ್ತೈದು ಬೇಕು. ಒರೊಸ್ಕೊಗೆ ಬಿದ್ದದ್ದು ಒಂದು ಓಟು. ನನ್ನನ್ನು ಕೇಳಿದ್ದರೆ ನಾನೂ ಹಾಕುತ್ತಿರಲಿಲ್ಲ. ಆ ಮನೆ ಬೇರೆ ಥರದವರಿಗೆ. ಆದರೆ ಹಾಕಿದ ಆ ಒಬ್ಬರ ಮೇಲೆ ನನಗೆ ಗೌರವವಿದೆ.